ಹೆಗಲಿನ ಎತ್ತರ

"ಬಿದಿರು ಗಿಡ್ಡಾತಲ್ಲೋ!" ಎಂದು ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಬಂಡು ಕೂಗಿದ. ಕಟ್ಟಿದ ಹಗ್ಗವನ್ನೆಲ್ಲ ಬಿಚ್ಚಿ, ಬೇರೆ ಬಿದಿರು ತರಲು ಒಬ್ಬನನ್ನು ಓಡಿಸಿದರು. ಸತ್ತವನು ಬಂಡುವಿನ ಅಣ್ಣ ಪಾರಿಸಪ್ಪ, ಇಡೀ ಬನಹಟ್ಟಿಯಲ್ಲೇ ಎತ್ತರದ ಆಳು. ಬದುಕಿದ್ದಾಗ ಎಲ್ಲರ ಬಾಗಿಲಲ್ಲೂ ತಲೆ ಬಗ್ಗಿಸಿಯೇ ಒಳಗೆ ಹೋದವನು, ಇವತ್ತು ಮಾತ್ರ ಯಾರ ಅಳತೆಗೂ ಬಗ್ಗಲಿಲ್ಲ.

ಜಮಖಂಡಿಯಿಂದ ಟಾಂಗಾದಲ್ಲಿ ಬಂದಿದ್ದ ವಾಸುದೇವರಾಯರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಅವರು ಸಂಸ್ಥಾನದ ಮುನ್ಸೀಫರು. ಆಳು ಗಿಡ್ಡ, ದರಬಾರದ ಕೆಂಪು ರುಮಾಲು ಸುತ್ತಿಕೊಂಡರೆ ಮಾತ್ರ ನಾಲ್ಕು ಜನರ ಕಣ್ಣಿಗೆ ಬೀಳುವಂಥವರು. ಅವರ ಪಕ್ಕದಲ್ಲಿ ಕಾಲೇಜಿನ ಹಳೆಯ ಗೆಳೆಯರಿಬ್ಬರು: ಜಮಖಂಡಿಯ ವಕೀಲ ಪ್ರಹ್ಲಾದರಾಯರು, ಮುಧೋಳದ ಡಾಕ್ಟರ ನೀಲಕಂಠಪ್ಪನವರು. ಪ್ರಹ್ಲಾದರಾಯರು ವಾಸುದೇವರಾಯರ ತಂಗಿಯ ಗಂಡನೂ ಹೌದು. ಪುಣೆಯ ಕಾಲೇಜಿನಲ್ಲಿ ಜಗತ್ತನ್ನೇ ತಿದ್ದುವ ಮಾತಾಡಿದ್ದ ಈ ಮಂದಿ ಈಗ ತಮ್ಮ ಬೊಜ್ಜು ತಿದ್ದಿಕೊಂಡರೆ ಸಾಕೆನ್ನುವ ವಯಸ್ಸಿಗೆ ಬಂದಿದ್ದರು.

"ನೀಲಕಂಠಾ, ಮನಿ ತುಂಬ ನಾಯಿ ಸಾಕೀಯಂತ?" ಪ್ರಹ್ಲಾದರಾಯರು ದನಿ ತಗ್ಗಿಸಿ ಕೇಳಿದರು.

"ಬರೇ ನಾಯಿ ಅನಬ್ಯಾಡೋ, ಬ್ಯಾಟಿನಾಯಿ ಅನ್ನು. ಪ್ರಾಯದಾಗ ಇಲ್ಲದ ಹುಚ್ಚು ಈಗ ಹತ್ತೈತಿ ನೋಡು. ನೀ ಸಿತಾರ ಕಲಿಯಾಕತ್ತೀಯಂತಲ್ಲ?"

"ಯಾರು ಹೇಳಿದ್ರು ನಿನಗ?"

"ಪಾರಿಸ್ಯಾ. ನನ್ನ ನಾಯಿ ಸುದ್ದಿ ನಿನಗ್ಯಾರು ಹೇಳಿದ್ರು?"

"ಅವನಽ."

ಪಾರಿಸಪ್ಪ ನೂಲು ಕೊಳ್ಳಲು ಸಾಂಗಲಿ, ಸೊಲ್ಲಾಪುರ ತಿರುಗುತ್ತಿದ್ದ. ಹೋದ ಊರಿನಲ್ಲೆಲ್ಲ ಒಬ್ಬ ಹಳೆಯ ಗೆಳೆಯನ ಮನೆ ಹುಡುಕಿ ಚಹಾ ಕುಡಿದು ಬರುತ್ತಿದ್ದ. ಸಾಂಗಲಿಯವನು ಹೆಡ್‌ಮಾಸ್ತರನಾಗಿ ಕೂಲಿಕಾರರಿಗೆ ರಾತ್ರಿಶಾಲೆ ನಡೆಸುವುದು, ಕೊಲ್ಹಾಪುರದವನು ಗುಲಾಬಿ ಗಿಡದ ಹುಚ್ಚಿಗೆ ಹೆಂಡತಿಯ ಬೈಗುಳ ತಿನ್ನುವುದು, ಎಲ್ಲ ಸುದ್ದಿಯೂ ನೂಲಿನ ಗಂಟಿನ ಜೊತೆಯಲ್ಲೇ ಬನಹಟ್ಟಿಗೆ ಬಂದು ಅಲ್ಲಿಂದ ಹಂಚಿಹೋಗುತ್ತಿತ್ತು.

"ಎಲ್ಲಾರ ಸುದ್ದಿ ಅವ ಹೇಳತಿದ್ದ," ಎಂದರು ನೀಲಕಂಠಪ್ಪನವರು. "ನೀ ಏನ ಮಾಡತೀಯೋ ಅಂತ ಅವನ್ನ ನಾವು ಒಬ್ಬರರ ಕೇಳಿದಿವೇನ?"

"ಏನ್ ಮಾಡ್ತಾನ? ನೂಲಿನ ಅಂಗಡಿ, ಮನಿ. ಅಪ್ಪ ಸತ್ತ ಅಂತ ಕಾಲೇಜು ಅರ್ಧಕ್ಕ ಬಿಟ್ಟಾಂವ, ಪಾಪ," ಎಂದರು ಪ್ರಹ್ಲಾದರಾಯರು. "ವಾಸುದೇವಾ, ನೀ ಮೊದಲಿಗೆ ಇಲ್ಲೇ ಕಾರಕೂನ ಇದ್ದೆಲ್ಲಾ. ನಿನಗೇನರ ಗೊತ್ತದ ಏನು?"

"ಇಲ್ಲಪಾ," ಎಂದರು ವಾಸುದೇವರಾಯರು.

*

ಮೊದಲನೆಯ ಮಹಾಯುದ್ಧ ಮುಗಿಯುತ್ತಿದ್ದ ವರ್ಷ. ವಾಸುದೇವ ಆಗಿನ್ನೂ ರಾಯರಾಗಿರಲಿಲ್ಲ, ಬನಹಟ್ಟಿ ಕಚೇರಿಯಲ್ಲಿ ಬರೀ ಕಾರಕೂನ. ಇನ್‌ಫ್ಲುಯೆಂಜಾ ಜ್ವರ ಊರನ್ನು ಹೊಕ್ಕಿತ್ತು. ಜ್ವರ ಬಾರದವರು ಹೊಲಗಳಿಗೆ ಓಡಿಹೋಗಿದ್ದರು. ಪಾರಿಸಪ್ಪ ಅಂಗಡಿ ಮುಚ್ಚಿ, ನೇಕಾರ ಚನಮಲ್ಲಪ್ಪನನ್ನೂ ಅವನ ತಮ್ಮನನ್ನೂ ಕಟ್ಟಿಕೊಂಡು, ಹೊರುವವರಿಲ್ಲದ ಹೆಣಗಳನ್ನು ಹೊತ್ತುಕೊಂಡು ಹೋಗಿ ಸುಡುವುದನ್ನೋ ಹೂಳುವುದನ್ನೋ ಮಾಡುತ್ತಿದ್ದ. ಯಾವ ಜಾತಿ ಎಂದು ಕೇಳುತ್ತಿದ್ದುದು ಸುಡಬೇಕೋ ಹೂಳಬೇಕೋ ಎಂದು ತಿಳಿಯುವುದಕ್ಕಷ್ಟೇ.

ವಾಸುದೇವನ ತಾಯಿ ಕೃಷ್ಣಾಬಾಯಿ ತೀರಿಕೊಂಡಾಗ ಬ್ರಾಹ್ಮಣರ ಓಣಿಯಲ್ಲಿ ಎದ್ದು ನಿಲ್ಲುವ ಗಂಡಸೇ ಇರಲಿಲ್ಲ. ಜೈನರ ಪಾರಿಸಪ್ಪ ಹೊಸ್ತಿಲಾಚೆ ನಿಂತು, "ಗಿಡ್ಡ್ಯಾ, ಹೆಗಲ ಕೊಡಲೇನೋ? ನಿಮ್ಮ ಮಂದಿ ಏನರ ಅಂದಾರು," ಎಂದ. ಗಿಡ್ಡ್ಯಾ ಎನ್ನುವುದು ಕಾಲೇಜಿನಲ್ಲಿ ಅವನೇ ಇಟ್ಟ ಹೆಸರು.

"ಬಾರೋ," ಎಂದು ವಾಸುದೇವ ಅತ್ತುಬಿಟ್ಟ.

ಒಂದು ಕೈಯಲ್ಲಿ ಬೆಂಕಿಯ ಮಡಕೆ ಹಿಡಿದು ವಾಸುದೇವ ಮುಂದಿನ ಎಡಕ್ಕೆ ಹೆಗಲು ಕೊಟ್ಟ. ಬಲಕ್ಕೆ ಪಾರಿಸಪ್ಪ, ಹಿಂದೆ ನೇಕಾರ ಅಣ್ಣತಮ್ಮಂದಿರು. ಎಲ್ಲ ಮುಗಿದ ಮೇಲೆ ಪಾರಿಸಪ್ಪ ಹಳ್ಳದ ದಂಡೆಯಲ್ಲಿ ಕುಳಿತವನು ಏಳಲಾರದೆ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಮನೆಯಿಂದ ಹಳ್ಳದವರೆಗೂ ಮೊಣಕಾಲು ಮಡಿಸಿಕೊಂಡೇ ನಡೆದಿದ್ದನಂತೆ.

"ಚಟ್ಟ ವಾಲಿ ಅವ್ವ ವಾರಿ ಆಗಬಾರದಲ್ಲೋ," ಎಂದ. "ನೀ ಅಂತೂ ಬೆಳಿಯಾಂವಲ್ಲ."

ಹದಿಮೂರನೆಯ ದಿನದ ಹೊತ್ತಿಗೆ ಜ್ವರ ಇಳಿದಿತ್ತು, ಬಂಧುಗಳ ಧೈರ್ಯ ಏರಿತ್ತು. ಜಮಖಂಡಿಯಿಂದ ಪ್ರಹ್ಲಾದನ ತಂದೆ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ತಂಗಿ ಶುಭದಾಳನ್ನು ಆ ಮನೆಗೆ ಕೊಡುವ ಮಾತು ಆಗಷ್ಟೇ ಗಟ್ಟಿಯಾಗಿತ್ತು.

"ಅಂಥಾ ಹೊತ್ತಿನ್ಯಾಗ ಹೊತ್ತವರು ಯಾರಪ್ಪಾ?" ಎಂದು ಹಿರಿಯರು ಕೇಳಿದರು.

"ನಮ್ಮವರಽ, ನಾಲ್ಕು ಮಂದಿ," ಎಂದ ವಾಸುದೇವ. ಅದೇ ಹೊತ್ತಿಗೆ ಪಾರಿಸಪ್ಪ ಅಂಗಳಕ್ಕೆ ಬಂದ.

"ಅಂವ ಯಾರು?"

"ಯಾರೋ ನೂಲಿನ ವ್ಯಾಪಾರಿ. ಕಚೇರಿ ಕೆಲಸಕ್ಕ ಬಂದಿರಬೇಕು."

ಮಾತು ಅಂಗಳಕ್ಕೆ ಕೇಳಿಸಿತು. ಪಾರಿಸಪ್ಪ ಒಂದು ಗಳಿಗೆ ನಿಂತ. ಆಮೇಲೆ ಕೈಮುಗಿದು, "ಹೌದ್ರೀ ಸಾಹೇಬ್ರ, ನಾಳಿ ಕಚೇರಿಗೇ ಬರತೇನ್ರಿ," ಎಂದು ಹೊರಟುಹೋದ.

ಆಮೇಲೂ ಬಂದ, ಸುದ್ದಿ ತಂದ, ನಗಿಸಿದ. ಆ ಮಾತನ್ನು ಮಾತ್ರ ಎತ್ತಲಿಲ್ಲ. ಆದರೆ ಅಂದಿನಿಂದ ಸಾಯುವವರೆಗೂ ವಾಸುದೇವನನ್ನು 'ಸಾಹೇಬ್ರ' ಎಂದೇ ಕರೆದ.

*

ಈಗ, ಅವನು ಕೇಳಿಸಿಕೊಳ್ಳಲಾರದ ಹೊತ್ತಿನಲ್ಲಿ, ಮತ್ತೆ ಅದೇ ಸುಳ್ಳು. ವಾಸುದೇವರಾಯರಿಗೆ ತಮ್ಮ ನಾಲಿಗೆಯ ಮೇಲೆ ತಮಗೇ ಹೇಸಿಕೆಯಾಯಿತು. ಆಗ ತಂಗಿಯ ಮದುವೆಯ ನೆಪವಿತ್ತು. ಈಗ ಮದುವೆಯಾದ ತಂಗಿಗೆ ಮೊಮ್ಮಕ್ಕಳ ಕಾಲ, ಕೇಳಿದ ಹಿರಿಯರೂ ಇಲ್ಲ. ಹೆದರಿಕೆ ಮಾತ್ರ ಹಾಗೇ ಉಳಿದಿತ್ತು.

ಹೊಸ ಬಿದಿರು ಬಂತು. ಪಾರಿಸಪ್ಪನ ಹೆಂಡತಿ ಬ್ರಾಹ್ಮಿ ಅತ್ತು ಬತ್ತಿದ ಮುಖದಲ್ಲಿ ಪಡಸಾಲೆಗೆ ಬಂದಳು.

"ಬಂದ್ರಲ್ಲಾ ಅಣ್ಣಾರ, ಅಷ್ಟ ಸಾಕು. ದಿನಾ ನಿಮ್ಮ ಹೆಸರು ತಗೀತಿದ್ರು. ನಮ್ಮ ಗಿಡ್ಡ್ಯಾ ಮುನ್ಸೀಫ ಆದ ಅಂತ ಓಣಿಗೆಲ್ಲಾ ಪೇಢೆ ಹಂಚಿದ್ರು."

ಗಿಡ್ಡ್ಯಾ. ಎದುರಿಗೆ ಆಡದ ಹೆಸರನ್ನು ಅವನು ಮನೆಯಲ್ಲಿ ಆಡಿಕೊಂಡೇ ಇದ್ದ. ರಾಯರು ತಲೆ ಬಗ್ಗಿಸಿದರು.

"ಹೊತ್ತು ಮುಳುಗೂದ್ರಾಗ ಆಗಬೇಕು, ಎತ್ತರಿ," ಎಂದು ಯಾರೋ ಅವಸರಿಸಿದರು. ಬಂಡು ಮುಂದಿನ ಬಲಕ್ಕೆ ನಿಂತ. ಅಣ್ಣನ ಹಾಗೆಯೇ ಎತ್ತರದವನು. ಹಿಂದೆ ಇಬ್ಬರು ದಾಯಾದಿಗಳು. ಮುಂದಿನ ಎಡಕ್ಕೆ ಮುದುಕ ಚನಮಲ್ಲಪ್ಪ ಕೆಮ್ಮುತ್ತ ಬಂದು ನಿಂತ. ಬಗ್ಗುವ ಮುಂಚೆ ಒಮ್ಮೆ ರಾಯರ ಕಡೆ ನೋಡಿದ. ಆ ನೋಟದಲ್ಲಿ ದೂರಿರಲಿಲ್ಲ. ಕರೆಯಬೇಕೆಂಬ ಆಸೆಯೂ ಇರಲಿಲ್ಲ. ಇವರು ಬರುವುದಿಲ್ಲ ಎಂದು ತಿಳಿದವನ ನೋಟ ಅದು. ರಾಯರಿಗೆ ಅದನ್ನು ತಡೆಯಲಾಗಲಿಲ್ಲ. ಎದ್ದು ಅಂಗಳಕ್ಕಿಳಿದು, ಮುದುಕನನ್ನು ಮೆಲ್ಲಗೆ ಸರಿಸಿ ಬಿದಿರಿಗೆ ಕೈ ಹಾಕಿದರು.

"ವಾಸುದೇವಾ, ಏನ್ ಮಾಡ್ಲಿಕ್ಕತ್ತೀ?" ಪ್ರಹ್ಲಾದರಾಯರು ಓಡಿಬಂದರು. "ನಾಳೆ ಜಮಖಂಡ್ಯಾಗ ಮುಖ ಎತ್ತಿ ತಿರುಗೂದು ಬ್ಯಾಡೇನು?"

"ನಿನ್ನ ಅತ್ತಿನ್ನ ಹೊತ್ತಾಂವ ಇವನಽ, ಪ್ರಹ್ಲಾದಾ. ನಾ ನಿಮ್ಮಪ್ಪಗ ಸುಳ್ಳು ಹೇಳಿದೆ."

ನಾಲ್ವರೂ ಚಟ್ಟ ಎತ್ತಿದರು. ಎತ್ತಿದ ಕೂಡಲೇ ಅದು ರಾಯರ ಕಡೆಗೆ ವಾಲಿತು. ಹೆಂಗಸರು ಅಯ್ಯೋ ಎಂದರು. ಬಂಡು ತಟ್ಟನೆ ಮೊಣಕಾಲು ಮಡಿಸಿದ.

"ಬಗ್ಗಬ್ಯಾಡೋ ಬಂಡು," ಎಂದರು ರಾಯರು. "ನೆಟ್ಟಗ ನಿಲ್ಲು."

ಒಂದು ಕೈಯಿಂದ ತಲೆಯ ಮೇಲಿನ ರುಮಾಲನ್ನು ಕಿತ್ತು, ಮುದ್ದೆ ಮಾಡಿ, ಹೆಗಲಿಗೂ ಬಿದಿರಿಗೂ ನಡುವೆ ತುರುಕಿದರು. ಚಟ್ಟ ಸಮನಾಯಿತು. ಓಣಿ ದಾಟುವಾಗ ಆ ಕೆಂಪು ಬಟ್ಟೆಯ ತುದಿ ಸಡಿಲಾಗಿ ಜಾರಿ, ಬನಹಟ್ಟಿಯ ಧೂಳಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು. ಅದನ್ನು ಎತ್ತಿಕೊಳ್ಳಲು ರಾಯರ ಕೈಗೆ ಬಿಡುವಿರಲಿಲ್ಲ.