ಇಲ್ಲ ಎನ್ನುವ ಗೊಂಬೆ

ಹಿಡಿ ತಿರುಗಿಸಿದರೆ ಗೊಂಬೆ ಇಲ್ಲ ಎನ್ನಬೇಕು. ಸೋಮಲಿಂಗನಿಗೆ ಬೇಕಾಗಿದ್ದದ್ದು ಅಷ್ಟೇ. ಉಳಿದವರು ರೆಕ್ಕೆ ಬಡಿಯುವ ನವಿಲು, ಮಜ್ಜಿಗೆ ಕಡೆಯುವ ಮುದುಕಿ ಎಂದು ಗದ್ದಲ ಹಾಕುತ್ತಿದ್ದರೆ, ಅವನು ಮಾತ್ರ ಕನ್ನಡಕ ಹಾಕಿದ ಒಂದು ಕಟ್ಟಿಗೆಯ ತಲೆಯನ್ನು ವಾರಗಟ್ಟಲೆ ಉಜ್ಜುತ್ತ ಕೂತಿದ್ದ.

ಬನಹಟ್ಟಿಯ ಮುಚ್ಚಿದ ಮಗ್ಗದ ಶೆಡ್ಡೊಂದರಲ್ಲಿ ಉಮಾಶ್ರೀ ಎಂಬ ಹುಡುಗಿ, ಹಿಡಿ ತಿರುಗಿಸಿದರೆ ಅಲುಗಾಡುವ ಗೊಂಬೆ ಮಾಡುವುದನ್ನು ಕಲಿಸುತ್ತಿದ್ದಳು. ಪೆಟ್ಟಿಗೆಯೊಳಗೆ ಒಂದು ಚಕ್ರ, ಅದರ ಅಂಚಿನ ಮೇಲೆ ಕಡ್ಡಿ, ಕಡ್ಡಿಯ ತುದಿಗೆ ತಲೆ. ಅಂಚನ್ನು ಹೇಗೆ ಕೊರೆಯುತ್ತೀರೋ ತಲೆ ಹಾಗೆ ಕುಣಿಯುತ್ತದೆ.

"ಈ ಗೋಣಾಡಿಸೂದನ್ನ ಯಾರನ್ನ ನೋಡಿ ಮಾಡೀರಿ ಸರ?" ಎಂದು ಅವಳು ಸೋಮಲಿಂಗನನ್ನು ಕೇಳಿದಳು.

"ಕನ್ನಡ್ಯಾಗ ನನ್ನನ್ನಽ ನೋಡಿ."

ಅವಳು ಹಿಡಿ ತಿರುಗಿಸಿದಳು. "ಛಲೋ ಆಗೇತ್ರಿ. ಏನ ಕೇಳಿದ್ರೂ ಹೂಂ ಅಂತೈತಿ."

"ಅದು ಇಲ್ಲ ಅನ್ನಾಕತ್ತೈತಿ," ಎಂದ ಸೋಮಲಿಂಗ, ಸಿಟ್ಟಿನಿಂದ.

"ಹೌದನ್ರಿ?" ಎನ್ನುತ್ತ ಅವಳು ನವಿಲಿನ ಕಡೆ ಹೋದಳು.

ಸೋಮಲಿಂಗ ಜಮಖಂಡಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳುವವನು. ಡಾಕ್ಟರೇಟ್ ಪಡೆದದ್ದು ನಿರಾಕರಣೆಯ ಮೇಲೆ. ಸ್ವಂತ ಬಾಯಿಂದ ಮಾತ್ರ ಯಾರಿಗೂ ಒಲ್ಲೆ ಎಂದವನಲ್ಲ. ಹೀಗಾಗಿ ಊರಿನ ಎಲ್ಲ ಸಂಘಗಳ ಸದಸ್ಯ. ಬದನೆಕಾಯಿ ಸೇರದಿದ್ದರೂ ಎಣಗಾಯಿಯನ್ನು ಮತ್ತೆ ಹಾಕಿಸಿಕೊಳ್ಳುವವ.

ನೂಲಿನ ವ್ಯಾಪಾರಿಯಾದ ಅವನ ಅಣ್ಣ ಶಿದ್ರಾಮಪ್ಪ, ಈಗ ನೂಲಿನ ಚೀಲ ಇಡಲಿಕ್ಕೆ ಮಾಳಿಗೆ ಮೇಲಿನ ಕೋಣೆ ಕೇಳಿದ್ದ. ಅಣ್ಣತಮ್ಮಂದಿರ ಆ ತುಂಬಿದ ಮನೆಯಲ್ಲಿ ಸೋಮಲಿಂಗ ಒಬ್ಬನೇ ಕೂರುವ ಜಾಗ ಅದೊಂದೇ. ಅದು ಹೋದರೆ ತಾನೂ ಹೋದಂತೆ ಎಂದು ಅವನಿಗೆ ನಿಜಕ್ಕೂ ಭಯವಾಗಿತ್ತು. ತನಗೆ ಬಾಯಿ ಬರದಿದ್ದರೆ ಗೊಂಬೆಯಾದರೂ ಹೇಳಲಿ ಎಂದು ಇವತ್ತು ಶೆಡ್ಡಿನಲ್ಲಿ ಇಟ್ಟುಕೊಂಡಿದ್ದ ಗೊಂಬೆಗಳ ಪ್ರದರ್ಶನಕ್ಕೆ ಅಣ್ಣನನ್ನು ಕರೆದಿದ್ದ.

ಶಿದ್ರಾಮಪ್ಪ ಬಂದವನೇ ಗೊಂಬೆಯ ಮುಂದೆ ಬಗ್ಗಿದ. "ಲೇ ಸೋಮ್ಯಾ, ಇದು ನೀನಽ ಅಲ್ಲೇನೋ! ಮೂಗ ಸುದ್ದಾ ನಿಂದ!"

"ಅದಕ್ಕ ಏನರ ಕೇಳು ಅಣ್ಣಾ."

"ಖೋಲಿ ಕೊಡತೀಯೇನಪಾ?"

ಸೋಮಲಿಂಗ ಹಿಡಿ ತಿರುಗಿಸಿದ. ಗೊಂಬೆಯ ತಲೆ ಈ ಭುಜಕ್ಕೊಮ್ಮೆ ಆ ಭುಜಕ್ಕೊಮ್ಮೆ ಮೆಲ್ಲಗೆ ವಾಲಿತು, ಬಹಳ ವಿನಯದಿಂದ.

ಶೆಡ್ಡಿಗೆ ಶೆಡ್ಡೇ ನಕ್ಕಿತು. "ಕಟಗಿ ಸುದ್ದಾ ಒಪ್ಪಿತು ನೋಡ್ರಿ!" ಎಂದು ಶಿದ್ರಾಮಪ್ಪ ಫೋನು ಹಚ್ಚಿದ. "ಕರೆಪ್ಪಾ, ಚೀಲ ಹೇರಿ ಗಾಡಿ ಮನಿಗೆ ಬಿಡು. ಆತು."

"ಅಣ್ಣಾ, ಅದು..."

"ಏನು? ಕೊಡತೀ ಹೌದಿಲ್ಲೋ?"

ಸೋಮಲಿಂಗ ಉತ್ತರ ಕೊಟ್ಟ. ಬಾಯಿಂದಲ್ಲ, ಗೊಂಬೆಯಂತೆಯೇ ಗೋಣು ವಾಲಿಸಿ. ಕೋಣೆ ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ ಎಂದೇ ಅವನಿಗೆ ಅನ್ನಿಸಿತು. ಅಣ್ಣ ಬೆನ್ನು ತಟ್ಟಿದ.

"ನೀ ಒಲ್ಲೆ ಅನ್ನೂದಿಲ್ಲಂತ ಗೊತ್ತಿತ್ತ ಬಿಡು. ಶಾಣ್ಯಾ ಅದಿ."

ಆಮೇಲೆ ಜನ ಸರದಿ ಹಚ್ಚಿದರು. ಸ್ಕೂಟರ ಕೊಡತೀಯಾ? ನನ್ನ ಮಗನ್ನ ಪಾಸ್ ಮಾಡತೀಯಾ? ಎಲೆಕ್ಷನ್‌ಗೆ ನಿಲ್ಲತೀಯಾ? ಗೊಂಬೆ ಎಲ್ಲದಕ್ಕೂ ವಾಲಿತು. ಕೇಳಿದವರು ಕೈಮುಗಿದು ನಗುತ್ತ ಸರಿದರು.

ಸೋಮಲಿಂಗ ಜನರ ನಡುವೆ ಕೈ ತೂರಿಸಿ, ತಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಮುಂದೆ ನಿಂತಿದ್ದ ಹೆಂಗಸು ತನ್ನ ಪ್ರಶ್ನೆ ಕೇಳಿ ಹಿಡಿ ತಿರುಗಿಸಿದಳು. ಬರೀ ಕುತ್ತಿಗೆಯ ಕಡ್ಡಿ ಆಚೆಗೊಮ್ಮೆ ಈಚೆಗೊಮ್ಮೆ ವಾಲಿತು.

"ಹೂಂ ಅಂತು," ಎಂದು ಅವಳು ಸಂತೋಷದಿಂದ ಹಿಂದಿನವರಿಗೆ ಜಾಗ ಬಿಟ್ಟಳು.