ಕಲೆ ಹಿಡಿಯದ ಕೂಸಿನ ಬಟ್ಟೆ

ಲಾಂಡ್ರಿ ಅಜ್ಜಿಗೆ ಊರವರ ಬಟ್ಟೆಯ ಕಲೆಗಳೆಲ್ಲ ಪರಿಚಯ. ಎಣ್ಣೆಯದು, ಶಾಯಿಯದು, ರಕ್ತದ್ದು. ಯಾವುದಕ್ಕೆ ಬಿಸಿನೀರು, ಯಾವುದಕ್ಕೆ ತಣ್ಣೀರು ಎಂಬುದು ಅವಳ ಬೆರಳಿಗೇ ಗೊತ್ತು. ಅಂಥವಳಿಗೆ, ಮೊಮ್ಮಗು ಹುಟ್ಟಿ ತಿಂಗಳಾಗುತ್ತ ಬಂದರೂ, ಅದರ ಬಟ್ಟೆ ತಿಕ್ಕುವ ಕೆಲಸವೇ ಬಿದ್ದಿರಲಿಲ್ಲ. ಕಕ್ಕ ಸುಣ್ಣದ ಹಾಗೆ ಬೆಳ್ಳಗೆ. ನೀರು ಹೊಯ್ದರೆ ಹೋಯಿತು. ಅಜ್ಜಿಯ ಸೊಂಟದ ಮೇಲೆ ಕೂಸಿಗೆ ಎಷ್ಟು ಕರುಣೆ ನೋಡಿ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಕಣ್ಣು ಯಾಕೋ ಹಳದಿ ಎಂದು ಸೊಸೆ ಅಂದಾಗ, ಎಳೆಗೂಸಿಗೆ ಅದೆಲ್ಲ ಇದ್ದದ್ದೇ ಎಂದು ಬಾಯಿ ಮುಚ್ಚಿಸಿದ್ದಳು.

ತೂಕ ನೋಡಲು ಬಂದ ದಾದಿ ಕೂಸನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಒಗೆಯದ ಬಟ್ಟೆ ಇದ್ದರೆ ತೋರಿಸಿ ಎಂದಳು. ಅಜ್ಜಿ ಮುಖ ಸಿಂಡರಿಸಿದಳು.

"ಒಗೀದಿರೋ ಬಟ್ಟೆನ ಈ ಮನೇಲಿ ಯಾರಿಗೂ ತೋರ್ಸಿಲ್ಲ ಕಣಮ್ಮ."

"ನಂಗೆ ತೋರ್ಸಿ ಅಜ್ಜಿ. ನಾನು ನೋಡದೇ ಇರೋದೇನಲ್ಲ."

ಬಟ್ಟೆ ಬಂತು. ಕಕ್ಕ ಬಿಳಿ, ಮೂತ್ರ ಬಿದ್ದ ಕಡೆ ಮಾತ್ರ ಗಾಢ ಹಳದಿ. ದಾದಿ ಅಲ್ಲೇ ಕುಳಿತು ವಿವರಿಸಿದಳು. ರಕ್ತದ ಕಣಗಳೂ ಬಟ್ಟೆಯಂತೆ ಹಳತಾಗಿ ಚಿಂದಿಯಾಗುತ್ತವೆ. ಅವುಗಳ ಕೆಂಪು ಬಣ್ಣ ಒಡೆದು ಹಳದಿಯಾಗುತ್ತದೆ. ಆ ಹಳದಿ ನೀರಿಗೆ ಬಗ್ಗದ ಕಲೆ. ಬಲಪಕ್ಕೆಯ ಅಡಿಯಲ್ಲಿರುವ ಲಿವರ್ ಅದನ್ನು ರಕ್ತದಿಂದ ಹೆಕ್ಕಿ, ನೀರಲ್ಲಿ ಕರಗುವಂತೆ ಮಾಡಿ, ಪಿತ್ತರಸಕ್ಕೆ ಬೆರೆಸಿ, ಸಣ್ಣದೊಂದು ನಾಳದ ಮೂಲಕ ಕರುಳಿಗೆ ಇಳಿಸುತ್ತದೆ. ಕಕ್ಕಕ್ಕೆ ಬಣ್ಣ ಬರುವುದೇ ಅದರಿಂದ.

ಅಜ್ಜಿ ಬೆರಗಾದಳು. ಸೋಪಿಲ್ಲ, ಒಗೆಯೋ ಕಲ್ಲಿಲ್ಲ, ಕೂಸು ಮಲಗಿದ್ದಾಗಲೂ ಒಗೆತ. ತನ್ನ ಕಸುಬಿನಲ್ಲಿ ತನಗಿಂತ ಜಾಣರನ್ನು ಅವಳು ಕಂಡಿರಲಿಲ್ಲ. ಮರುಗಳಿಗೆಯೇ ಅವಳ ಮುಖ ಬಾಡಿತು.

"ಹಾಗಿದ್ರೆ ನಮ್ಮ ಕೂಸಿನ ಬಣ್ಣ ಎಲ್ಲಿ ಹೋಗ್ತಿದೆ?"

"ಕರುಳಿಗೆ ಹೋಗ್ತಾನೇ ಇಲ್ಲ ಅಜ್ಜಿ. ನಾಳ ಕಟ್ಟಿರಬಹುದು. ಅದಕ್ಕೇ ಆ ಹಳದಿ ರಕ್ತಕ್ಕೆ ವಾಪಸ್ ಬಂದು ಕಣ್ಣಲ್ಲೂ ಮೂತ್ರದಲ್ಲೂ ಕಾಣ್ತಿದೆ. ಪಿತ್ತ ಒಳಗೇ ನಿಂತ್ರೆ ಲಿವರೇ ಕೆಡುತ್ತೆ. ಬೇಗ ಹೋದ್ರೆ ಆಪರೇಷನ್ ಮಾಡಿ ಬೇರೆ ದಾರಿ ಮಾಡ್ಬಹುದು. ತಡ ಆದಷ್ಟೂ ಕಷ್ಟ."

ಅಜ್ಜಿ ಊರವರ ಬಟ್ಟೆ ನೆನೆದೇ ಇರಲಿ ಎಂದು ಮಗನನ್ನು ಆಟೋ ತರಲು ಅಟ್ಟಿದಳು. ಸೊಸೆಯ ಕೈಯಿಂದ ಕೂಸನ್ನು ತಾನೇ ಎತ್ತಿಕೊಂಡು, "ನೀನು ಹೇಳಿದಾಗಲೇ ಹೊರಡಬೇಕಿತ್ತು, ನಡಿ ಮಗಳೇ," ಎಂದಳು.

ಮನೆಯಲ್ಲಿ ಎಳೆಗೂಸು ಇರುವವರೇ, ಬಟ್ಟೆ ನೀರಿಗೆ ಹಾಕುವ ಮುಂಚೆ ಹಗಲ ಬೆಳಕಿನಲ್ಲಿ ಒಮ್ಮೆ ನೋಡಿ. ಕಕ್ಕ ಬಿಳಿಚಿದ್ದರೆ, ಮೂತ್ರ ಬಟ್ಟೆಗೆ ಹಳದಿ ಹಿಡಿಸಿದರೆ, ಹುಟ್ಟಿ ಎರಡು ವಾರ ಕಳೆದರೂ ಕಣ್ಣಿನ ಹಳದಿ ಇಳಿಯದಿದ್ದರೆ, ಇವುಗಳಲ್ಲಿ ಒಂದೇ ಕಂಡರೂ ಸಾಕು, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ನೋಡೋಣ ಅನ್ನಬೇಡಿ.