ಜೂರಾ ಎಜೆಯ ಕಿವಿಗೆ ಬಿದ್ದ ಪಾಠಗಳು

ಜೂರಾ ಎಜೆಯ, ಅಂದರೆ ನಮ್ಮೆಲ್ಲರ ಜೂರಾ ಅಕ್ಕನ, ಗಣಕಯಂತ್ರ ಓದುವುದನ್ನು ಮೊದಲ ಸಲ ಕೇಳಿದವರಿಗೆ, ಡಬ್ಬಿಯೊಳಗೆಲ್ಲೋ ಜೇನುನೊಣ ಸಿಕ್ಕಿಕೊಂಡಿದೆಯೆಂಬ ಅನುಮಾನ ಬರುತ್ತಿತ್ತು. ಪರದೆಯ ಅಕ್ಷರಗಳನ್ನು ಯಂತ್ರ ಆ ಪರಿ ರಭಸದಲ್ಲಿ ಓದುತ್ತಾ ಗುಂಯ್‌ಗುಡುತ್ತಿದ್ದರೆ, ಹುಟ್ಟಿನಿಂದಲೇ ಕಣ್ಣು ಕಾಣದ ಎಜೆ ಚಹಾದ ಬಟ್ಟಲನ್ನು ತುಟಿಯಿಂದ ಇಳಿಸದೆಯೇ, "ಹನ್ನೊಂದನೇ ಪುಟಕ್ಕೆ ತಲೆಬರಹ ಇಲ್ಲ, ವಾಪಸ್" ಎಂದು ತೀರ್ಪು ಕೊಡುತ್ತಿದ್ದರು. ಓಶ್ ನಗರದ ನಮ್ಮ ವಿಶ್ವವಿದ್ಯಾಲಯದಲ್ಲಿ ಜಾಲತಾಣಕ್ಕೇರುವ ಪ್ರತಿ ಪಾಠವೂ ಅವರ ಕಿವಿಯನ್ನು ದಾಟಿಯೇ ಹೋಗಬೇಕು. ತೀರಿಕೊಂಡ ಗಂಡನ ಕಂದು ಕೋಟಿನ ತೋಳನ್ನು ಎರಡು ಸುತ್ತು ಮಡಚಿ, ಬಿಳಿಕೋಲನ್ನು ನೆಲಕ್ಕೆ ತಟ್ಟದೆ ಕುರಿಮಂದೆ ಅಟ್ಟುವವರಂತೆ ಬೀಸುತ್ತಾ ಅವರು ಬರುತ್ತಿದ್ದರೆ, ಪಡಸಾಲೆಯ ಪಂಡಿತಮಂಡಲಿ ಗೋಡೆಗೆ ಅಂಟಿಕೊಳ್ಳುತ್ತಿತ್ತು.

ಇತಿಹಾಸದ ಪ್ರಾಧ್ಯಾಪಕ ತೆಮಿರ್‌ಕುಲ್ ಮಾತ್ರ ಅಂಟಿಕೊಳ್ಳಲಿಲ್ಲ. ನಲವತ್ತೆರಡು ಪುಟದ ತಮ್ಮ ಟಿಪ್ಪಣಿಯನ್ನು ಫೋಟೋ ತೆಗೆದು ಕಳಿಸಿದ್ದರು. ಅದು ಕಣ್ಣಿಗೆ ಅಕ್ಷರ, ಯಂತ್ರಕ್ಕೆ ಬರೀ ಚಿತ್ರ. ಅವರ ತರಗತಿಯಲ್ಲಿ ಐಜರ್ಕಿನ್ ಎಂಬ ಅಂಧ ವಿದ್ಯಾರ್ಥಿನಿಯಿದ್ದಳು. ಈ ಸಲ ನಪಾಸಾದರೆ ಅವಳು ಗಂಟುಮೂಟೆ ಕಟ್ಟಿ ಊರಿಗೆ ಹೋಗಬೇಕಿತ್ತು.

"ನಿಮ್ಮ ಯಂತ್ರ ಕೆಟ್ಟಿದೆ ಎಜೆ. ನನ್ನ ಟಿಪ್ಪಣೀನ ಮೂವತ್ತು ವರ್ಷದಿಂದ ಎಲ್ರೂ ಓದ್ತಿದಾರೆ."

"ಎಲ್ರೂ ಅಲ್ಲ, ಅಗಾಯ್" ಎಂದರು ಎಜೆ; ನಮ್ಮಲ್ಲಿ ಮೇಷ್ಟ್ರನ್ನು ಹಾಗೇ ಕರೆಯುವುದು. "ಆ ಹುಡುಗಿ ಪರೀಕ್ಷೆಗೆ ಇನ್ನು ಹತ್ತೇ ದಿನ. ಕೂತ್ಕೊಳಿ. ಟೋಪಿ ಕಣ್ಣಿನ ಮೇಲೆ ಎಳ್ಕೊಳಿ."

ಬಿಳಿ ಉಣ್ಣೆಯ ಟೋಪಿಯೊಳಗೆ ಮೂಗಿನವರೆಗೆ ಮುಳುಗಿದ ಪ್ರಾಧ್ಯಾಪಕರಿಗೆ ಯಂತ್ರ ನಿಧಾನವಾಗಿ, ಶೋಕಸಭೆಯ ಗಾಂಭೀರ್ಯದಲ್ಲಿ ಓದಿ ಹೇಳಿತು: "ಪುಟ ಒಂದು. ಚಿತ್ರ. ಪುಟ ಎರಡು. ಚಿತ್ರ." ಒಂಬತ್ತನೆಯ ಪುಟಕ್ಕೆ ಅವರು ಎದ್ದರು. ಕೋಲು ಅಡ್ಡ ಬಂತು.

"ಇನ್ನೂ ಮೂವತ್ಮೂರು ಪುಟ ಇದೆ. ಪಾಠದ ಮಧ್ಯ ಎದ್ದೋದ್ರೆ ಗೈರುಹಾಜರಿ ಅನ್ನೋದು ನೀವೇ ಅಲ್ವಾ?"

ಮೂರು ದಿನ ಒಂದೇ ಬೆರಳಲ್ಲಿ ಕುಟ್ಟಿ, ಪ್ರಾಧ್ಯಾಪಕರು ಟಿಪ್ಪಣಿಯನ್ನೆಲ್ಲ ಅಕ್ಷರಕ್ಕಿಳಿಸಿದರು. ಉಳಿದದ್ದು ಅವರದೇ ಒಂದು ಛಾಯಾಚಿತ್ರ. ಅದಕ್ಕೊಂದು ವಿವರಣೆ ಬೇಕು. ಬರೆದರು: "ಪ್ರಾಚೀನ ಶಿಲೆಯೊಂದರ ಪಕ್ಕದಲ್ಲಿ ನಿಂತ, ವಿಶಾಲ ಹಣೆಯ, ದಟ್ಟ ಮೀಸೆಯ, ದೂರದೃಷ್ಟಿಯ ಸಂಶೋಧಕರು."

ಎಜೆಯ ಕೋಣೆಯಲ್ಲಿ ಯಂತ್ರ ಅದನ್ನು ಓದಿದ್ದನ್ನು ಕೇಳಿಸಿಕೊಂಡ ಐಜರ್ಕಿನ್ ವಿನಯದಿಂದಲೇ ಕೇಳಿದಳು: "ಮೀಸೆ ಗೊತ್ತಾಯ್ತು ಅಗಾಯ್. ಕಲ್ಲಿನ ಮೇಲೇನಿದೆ?"

"ಆಡು."

"ಎಂಥ ಆಡು? ನಿಂತಿದ್ಯಾ, ಓಡ್ತಿದ್ಯಾ?"

ಪ್ರಾಧ್ಯಾಪಕರು ಛಾಯಾಚಿತ್ರವನ್ನು ಮೂಗಿನ ಹತ್ತಿರಕ್ಕೆ ತಂದು ಹುಡುಕಿದರು; ಕಲ್ಲನ್ನು ಅರ್ಧ ಮುಚ್ಚಿ ಅವರೇ ನಿಂತಿದ್ದರು.

"ಮೀಸೆ ತೆಗೀರಿ, ಕಲ್ಲು ಇಡಿ" ಎಂದರು ಎಜೆ.

ಭಾನುವಾರ ಪ್ರಾಧ್ಯಾಪಕರು ಬಸ್ಸು ಹತ್ತಿ ಆ ಕಲ್ಲಿರುವ ಬೆಟ್ಟಕ್ಕೆ ಹೋದರು. ಸೋಮವಾರ ಬಿಸಿ ರೊಟ್ಟಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಏದುಸಿರು ಬಿಡುತ್ತಾ ಬಂದರು. "ಓಡ್ತಾ ಇದೆ ಎಜೆ! ಒಂದು ಹಿಂಗಾಲು ಕೆತ್ತೇ ಇಲ್ಲ, ಹಾಗೇ ಬಿಟ್ಟಿದಾರೆ. ಮೂವತ್ತು ವರ್ಷ ಪಾಠ ಮಾಡಿದೀನಿ, ನೋಡೇ ಇರ್ಲಿಲ್ಲ!"

ಎಜೆ ರೊಟ್ಟಿ ತೆಗೆದುಕೊಂಡರು. "ಇಪ್ಪತ್ತನೇ ಪುಟದ ಕೋಷ್ಟಕ ಸರಿ ಇಲ್ಲ" ಎಂದರು.

ಐಜರ್ಕಿನ್ ಪಾಸಾದಳು; ಕೆತ್ತದೆ ಬಿಟ್ಟ ಆ ಕಾಲಿನ ಮೇಲೆಯೇ ಎರಡು ಪುಟ ಬರೆದಿದ್ದಳಂತೆ.

ಎಜೆಯಂಥವರನ್ನು ಸನ್ಮಾನಿಸಲು ಯಾರಿಗೂ ನೆನಪಾಗುವುದಿಲ್ಲ, ಬೈಯಲು ಎಲ್ಲರಿಗೂ ನೆನಪಾಗುತ್ತದೆ. ನೆಟ್ಟಗೆ ನಡೆಯುವ ಪ್ರತಿ ಸಂಸ್ಥೆಯಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ: ಅವರು ರಜೆ ಹಾಕಿದ ದಿನ ಎಲ್ಲರಿಗೂ ನಿರಾಳ, ಆದರೆ ಅಂದು ಮಾಡಿದ ಕೆಲಸವಷ್ಟನ್ನೂ ಮರುದಿನ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.